ಕಿವಿಯನ್ನು ನಂಬಬೇಡಿ: ಇಂಗ್ಲಿಷ್ ವಾಕ್ಯ ತಿದ್ದುವ ಪ್ರಶ್ನೆಗಳ ಬಗ್ಗೆ ಕಲಬುರಗಿಯಲ್ಲಿ ಆಡಿದ ಮಾತು

(ಪಿಯುಸಿ ಮತ್ತು ಡಿಗ್ರಿ ಓದುತ್ತಿರುವ ಮಕ್ಕಳ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಬೋರ್ಡಿನ ಮೇಲೆ ಇಂಗ್ಲಿಷಿನಲ್ಲಿ ಬರೆದ ವಾಕ್ಯಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಓದುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಅವನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳಿ, ಸುಲಭ ಆಗುತ್ತದೆ.)

ಎಲ್ಲರಿಗೂ ನಮಸ್ಕಾರ. ಭಾಷಣ ಆಮೇಲೆ, ಮೊದಲು ಒಂದು ವಾಕ್ಯ. ಸರಿಯೋ ತಪ್ಪೋ ಕೈ ಎತ್ತಿ ಹೇಳಿ. ‘ದ ಡಾಕ್ಟರ್ ರೆಕಮೆಂಡೆಡ್ ದ್ಯಾಟ್ ಶಿ ವಾಕ್ ಎವ್ರಿ ಮಾರ್ನಿಂಗ್.’ ತಪ್ಪು ಅನ್ನುವವರೇ ಜಾಸ್ತಿ ಇದ್ದೀರಿ. ‘ಶಿ ಆದ ಮ್ಯಾಲೆ ವಾಕ್ಸ್ ಬರಬೇಕಲ್ರಿ ಸರ್’ ಅಂತ ಮುಂದಿನ ಸಾಲಿನಿಂದ ಒಂದು ದನಿಯೂ ಬಂತು. ಇರಲಿ, ಈಗ ಇನ್ನೊಂದು. ‘ದ ಡಿಮಾಂಡ್ ಫಾರ್ ಪಲ್ಸಸ್ ಗ್ರೋನ್ ಇನ್ ದ ಫೀಲ್ಡ್ಸ್ ಆಫ್ ಕಲಬುರಗಿ ಅಂಡ್ ಬೀದರ್ ಹ್ಯಾವ್ ರಿಸನ್.’ ಇದಕ್ಕೆ ಯಾರದೂ ತಕರಾರಿಲ್ಲ. ನಮ್ಮ ತೊಗರಿಯ ಮಾತು, ತಪ್ಪು ಅಂತ ಹೇಗೆ ಅಂತೀರಿ!

ಮೊದಲನೆಯದು ಸರಿ. ಎರಡನೆಯದು ತಪ್ಪು.

ರೆಕಮೆಂಡ್, ಡಿಮಾಂಡ್ ಇಂಥ ಕ್ರಿಯಾಪದಗಳು ಹೀಗಾಗಬೇಕು ಅಂತ ಸಲಹೆಯನ್ನೋ ಹುಕುಂ ಅನ್ನೋ ಕೊಡುತ್ತವೆ. ಅವುಗಳಾದ ಮೇಲೆ ‘ದ್ಯಾಟ್’ ಬಂದರೆ ಆಮೇಲಿನ ಕ್ರಿಯಾಪದ ಬರೀ ಮೂಲ ರೂಪದಲ್ಲಿ ನಿಲ್ಲುತ್ತದೆ. ಎಸ್ ಬೇಡ, ಈಡಿ ಬೇಡ. ‘ಶುಡ್ ವಾಕ್’ ಅಂತಲೂ ಬ್ರಿಟಿಷರು ಬರೆಯುತ್ತಾರೆ. ಅಮೆರಿಕದ ಪರೀಕ್ಷೆಗಳು ಬಯಸುವುದು ಮಾತ್ರ ಆ ಬರೀ ‘ವಾಕ್’ ಅನ್ನೇ. ಎರಡನೆಯದರಲ್ಲಿ ಹೆಚ್ಚಾದದ್ದು ಏನು? ಡಿಮಾಂಡ್. ಅದು ಒಂದು. ಹಾಗಾಗಿ ‘ಹ್ಯಾಸ್ ರಿಸನ್’ ಆಗಬೇಕು. ಪಲ್ಸಸ್, ಫೀಲ್ಡ್ಸ್, ಮೇಲೆ ಎರಡು ಊರಿನ ಹೆಸರು, ಇಷ್ಟೆಲ್ಲ ಬಹುವಚನ ಕಿವಿಯಲ್ಲಿ ಗುಂಯ್‌ಗುಡುತ್ತಿರುವಾಗ ‘ಹ್ಯಾವ್’ ಸರಿ ಅನ್ನಿಸಿಬಿಟ್ಟಿತು, ಅಷ್ಟೆ.

ಇವತ್ತು ನಾನು ಹೇಳಲು ಬಂದಿರುವುದು ಈ ಕಿವಿಯ ಬಗ್ಗೆಯೇ. ನಮ್ಮ ಕಡೆ ಮಕ್ಕಳಲ್ಲಿ ಒಂದು ಅಳುಕು ಇದೆ. ಬೆಂಗಳೂರಿನ ಇಂಗ್ಲಿಷ್ ಮೀಡಿಯಂ ಮಕ್ಕಳು ಒಂದು ಸಲ ಓದಿದರೆ ಸಾಕು, ಅವರಿಗೆ ತಪ್ಪು ತಾನಾಗಿ ಕೇಳಿಸುತ್ತದೆ, ಆಳಂದದಲ್ಲೋ ಸುರಪುರದಲ್ಲೋ ಔರಾದಿನಲ್ಲೋ ಕನ್ನಡ ಮೀಡಿಯಂನಲ್ಲಿ ಓದಿದ ನಮಗೆ ಕೇಳಿಸುವುದಿಲ್ಲ ಅಂತ. ಕೇಳಿಸುವುದಿಲ್ಲ, ನಿಜ. ಆದರೆ ಈ ಪ್ರಶ್ನೆ ಬರೆಯುವವರು ಕೂತು ಯೋಚನೆ ಮಾಡುವುದೇ, ಕೇಳಿಸಿಕೊಂಡು ಉತ್ತರಿಸುವವನನ್ನು ಹೇಗೆ ಬೀಳಿಸುವುದು ಅಂತ. ತಪ್ಪು ಉತ್ತರ ಕಿವಿಗೆ ಹಿತವಾಗಿರಬೇಕು, ಸರಿ ಉತ್ತರ ಸ್ವಲ್ಪ ಒರಟಾಗಿರಬೇಕು: ಒಳ್ಳೆಯ ಪ್ರಶ್ನೆ ತಯಾರಾಗುವುದು ಹೀಗೆ. ಮನೆಯಲ್ಲಿ ಇಂಗ್ಲಿಷನ್ನೇ ಮಾತಾಡುವ ಅಮೆರಿಕದ ಹುಡುಗನೂ ಆ ‘ಡಿಮಾಂಡ್’ ವಾಕ್ಯದಲ್ಲಿ ಎಡವುತ್ತಾನೆ. ಕಿವಿಯ ಮೇಲೆ ಭರವಸೆ ಇಲ್ಲದವನು ಬೇರೆ ದಾರಿ ಇಲ್ಲದೆ ವಾಕ್ಯವನ್ನು ಬಿಚ್ಚಿ ನೋಡುತ್ತಾನೆ. ಬಿಚ್ಚಿ ನೋಡಿದವನಿಗೇ ಇಲ್ಲಿ ಅಂಕ.

ಯಾವ ಪರೀಕ್ಷೆಯಲ್ಲಿ ಇದು ಬರುತ್ತದೆ ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕಂದರೆ ಇದರಲ್ಲಿ ಗೊಂದಲ ಜಾಸ್ತಿ. ನಮ್ಮ ಮನೆಗಳಲ್ಲಿ ಪರೀಕ್ಷೆ ಅಂದರೆ ಸಿಇಟಿ, ನೀಟ್. ಎರಡರಲ್ಲೂ ಇಂಗ್ಲಿಷ್ ಪತ್ರಿಕೆ ಇಲ್ಲ. ಹಾಗಾಗಿ ಪಿಯುಸಿ ಮುಗಿಯುವವರೆಗೂ ಈ ಜಾತಿಯ ಪ್ರಶ್ನೆಯನ್ನು ಎಷ್ಟೋ ಮಕ್ಕಳು ಗಂಭೀರವಾಗಿ ನೋಡಿಯೇ ಇರುವುದಿಲ್ಲ. ಆದರೆ ಇಲ್ಲೇ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಬೇಕಾದರೂ ಈಗ ಸಿಯುಇಟಿ ಬರೆಯಬೇಕು. ಡಿಗ್ರಿಗೆ ಆ ಪರೀಕ್ಷೆ ಶುರುವಾದದ್ದು 2022ರಲ್ಲಿ. ಅದರ ಭಾಷಾ ಪತ್ರಿಕೆಯಾಗಿ ಇಂಗ್ಲಿಷ್ ಆರಿಸಿಕೊಂಡರೆ ಸರಿ ಉತ್ತರಕ್ಕೆ 5 ಅಂಕ, ತಪ್ಪಿಗೆ 1 ಕಡಿತ. ಸೇನೆಯ ಅಧಿಕಾರಿಯಾಗಲು ಎನ್‌ಡಿಎ ಬರೆಯುವವರಿಗೆ ಒಟ್ಟು 900ರಲ್ಲಿ 200 ಅಂಕ ಇಂಗ್ಲಿಷಿನದೇ. ಅಲ್ಲಿ ವಾಕ್ಯವನ್ನು ತುಂಡು ಮಾಡಿ ಕೊಟ್ಟು, ತಪ್ಪು ಯಾವ ತುಂಡಿನಲ್ಲಿದೆ ಅಂತ ಕೇಳುತ್ತಾರೆ. ‘ತಪ್ಪಿಲ್ಲ’ ಅನ್ನುವುದೂ ಒಂದು ಆಯ್ಕೆ. ವಿದೇಶದಲ್ಲಿ ಡಿಗ್ರಿ ಓದಲು ಹೋಗುವವರ ಎಸ್‌ಎಟಿ ಈಗ ಪೂರ್ತಿ ಕಂಪ್ಯೂಟರಿನಲ್ಲಿ. ನಮ್ಮಂಥ ಹೊರದೇಶಗಳಿಗೆ ಅದು 2023ರಲ್ಲೇ ಡಿಜಿಟಲ್ ಆಯಿತು. ಓದು ಮತ್ತು ಬರಹದ ಭಾಗದಲ್ಲಿ 64 ನಿಮಿಷಕ್ಕೆ 54 ಪ್ರಶ್ನೆ, ಅದರಲ್ಲಿ ಸುಮಾರು ಕಾಲು ಭಾಗ ಬರೀ ವ್ಯಾಕರಣ ಮತ್ತು ವಿರಾಮ ಚಿಹ್ನೆ.

ಜಿಮ್ಯಾಟ್ ಬಗ್ಗೆ ಒಂದು ಎಚ್ಚರಿಕೆ. ಎಂಬಿಎ ಕನಸಿನವರು ಸೆಂಟೆನ್ಸ್ ಕರೆಕ್ಷನ್ ಅನ್ನುವ ದಪ್ಪ ಹಳೇ ಪುಸ್ತಕ ಹಿಡಿದುಕೊಂಡು ಈಗಲೂ ಬರುತ್ತಾರೆ. ಆ ಪ್ರಶ್ನೆ ಜಿಮ್ಯಾಟ್‌ನಲ್ಲಿ ಈಗ ಇಲ್ಲ. 2023ರ ನವೆಂಬರಿನಲ್ಲಿ ಪರೀಕ್ಷೆಯ ಹೊಸ ರೂಪ ಬಂತು, ಅದರಲ್ಲಿ ಇದನ್ನು ತೆಗೆದೇ ಹಾಕಿದರು. ಐಐಎಂ ಪ್ರವೇಶದ ಕ್ಯಾಟ್‌ನಲ್ಲೂ ನೇರ ವ್ಯಾಕರಣದ ಪ್ರಶ್ನೆ ಕಾಣುವುದು ಈಗ ಅಪರೂಪ. ಕಾನೂನು ಓದಲು ಹೋಗುವವರ ಕ್ಲ್ಯಾಟ್ 2020ರಿಂದ ಪ್ಯಾಸೇಜ್ ಓದಿ ಉತ್ತರಿಸುವ ಪರೀಕ್ಷೆ ಆಗಿದೆ. ನೀವು ಬರೆಯುವ ಪರೀಕ್ಷೆಯಲ್ಲಿ ಏನಿದೆ ಅಂತ ಮೊದಲು ನೋಡಿ, ಆಮೇಲೆ ಪುಸ್ತಕಕ್ಕೆ ದುಡ್ಡು ಹಾಕಿ. ಹಾಗಂತ ಜಿಮ್ಯಾಟ್‌ನ ಹಳೇ ಪ್ರಶ್ನೆಗಳು ರದ್ದಿಗೆ ಹಾಕುವಂಥವಲ್ಲ. ಕಿವಿಯನ್ನು ಮೋಸ ಮಾಡುವ ಕಲೆಯಲ್ಲಿ ಅವುಗಳನ್ನು ಮೀರಿಸಿದ್ದನ್ನು ನಾನು ನೋಡಿಲ್ಲ. ಬೇರೆ ಪರೀಕ್ಷೆಗೆ ಅಭ್ಯಾಸ ಮಾಡುವವರು ಧಾರಾಳವಾಗಿ ಬಳಸಿಕೊಳ್ಳಬಹುದು.

ಈಗ ವಿಷಯಕ್ಕೆ ಬರೋಣ.

ಕನ್ನಡದಲ್ಲಿ ‘ಹುಡುಗರ ಗುಂಪು ಬಂತು’ ಅನ್ನುತ್ತೇವೆ. ‘ಹುಡುಗರ ಗುಂಪು ಬಂದರು’ ಅಂದರೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಅಲ್ವಾ? ಬಂದದ್ದು ಗುಂಪು, ಅದು ಒಂದು, ಹಾಗಾಗಿ ‘ಬಂತು’. ಅಂದರೆ ಕರ್ತೃವಿಗೆ ತಕ್ಕ ಹಾಗೆ ಕ್ರಿಯಾಪದ ಬದಲಾಗುವುದು ನಮಗೆ ಹೊಸದೇನಲ್ಲ. ಇಂಗ್ಲಿಷಿಗಿಂತ ನಮ್ಮಲ್ಲೇ ಇದು ಜಾಸ್ತಿ. ಬಂದನು, ಬಂದಳು, ಬಂದರು, ಬಂತು, ಬಂದವು, ಇಷ್ಟಕ್ಕೂ ಸೇರಿ ಇಂಗ್ಲಿಷಿನಲ್ಲಿ ಇರುವುದು ಒಂದೇ ‘ಕೇಮ್’. ಹಾಗಾದರೆ ನಾವು ಎಡವುವುದು ಯಾಕೆ? ಪದಗಳು ಕೂರುವ ಜಾಗದಿಂದ. ಕನ್ನಡದಲ್ಲಿ ‘ಹುಡುಗರ’ ಮೊದಲು, ‘ಗುಂಪು’ ಆಮೇಲೆ. ‘ಕಲಬುರಗಿ ಮತ್ತು ಬೀದರಿನ ಹೊಲಗಳಲ್ಲಿ ಬೆಳೆದ ಬೇಳೆಕಾಳುಗಳ ಬೇಡಿಕೆ ಹೆಚ್ಚಿದೆ’ ಅನ್ನಿ. ಎಷ್ಟೇ ಉದ್ದ ಎಳೆದರೂ ಮುಖ್ಯ ಪದ ‘ಬೇಡಿಕೆ’ ಕೊನೆಗೆ ಬಂದು ಕ್ರಿಯಾಪದದ ಪಕ್ಕದಲ್ಲೇ ಕೂರುತ್ತದೆ. ಹುಡುಕುವ ಕೆಲಸವೇ ಇಲ್ಲ. ಇಂಗ್ಲಿಷಿನಲ್ಲಿ ಇದೆಲ್ಲ ಉಲ್ಟಾ. ‘ಡಿಮಾಂಡ್’ ಮೊದಲೇ ಬಂದು ಹೋಗಿಬಿಡುತ್ತದೆ, ಆಮೇಲೆ ಬಾಲ ಬೆಳೆಯುತ್ತಾ ಹೋಗುತ್ತದೆ, ಕ್ರಿಯಾಪದ ಬರುವ ಹೊತ್ತಿಗೆ ಪಕ್ಕದಲ್ಲಿ ಯಾರೋ ಸಂಬಂಧವಿಲ್ಲದವರು ಕೂತಿರುತ್ತಾರೆ. ಪ್ರಶ್ನೆ ಬರೆಯುವವರಿಗೆ ಬೇಕಾದದ್ದು ಅಷ್ಟೇ.

ಹಾಗಾಗಿ ಮೊದಲ ಕೆಲಸ: ಕ್ರಿಯಾಪದಕ್ಕೆ ಬೆರಳಿಡಿ, ಇದನ್ನು ಮಾಡಿದವರು ಯಾರು ಅಂತ ಕೇಳಿ. ಆಮೇಲೆ ಮೊರದಲ್ಲಿ ತೊಗರಿ ಕೇರಿದ ಹಾಗೆ ನಡುವಿನ ಹೊಟ್ಟನ್ನು ಹಾರಿಸಿಬಿಡಿ. ‘ಆಫ್’, ‘ಫಾರ್’, ‘ಇನ್’ ಇಂಥವುಗಳಿಂದ ಶುರುವಾಗುವ ತುಂಡುಗಳು ಹೋಗಲಿ. ಎರಡು ಕಾಮಾಗಳ ನಡುವೆ ಸೇರಿಸಿದ ಮಾತು ಹೋಗಲಿ. ‘ಅಲಾಂಗ್ ವಿತ್’, ‘ಆ್ಯಸ್ ವೆಲ್ ಆ್ಯಸ್’, ‘ಟುಗೆದರ್ ವಿತ್’ ಇವುಗಳಾದ ಮೇಲೆ ಬರುವುದೂ ಹೋಗಲಿ, ಅವು ಜೊತೆಗೆ ಬಂದ ನೆಂಟರು, ಲೆಕ್ಕಕ್ಕಿಲ್ಲ. ‘ದ ಪ್ರಿನ್ಸಿಪಾಲ್, ಅಲಾಂಗ್ ವಿತ್ ಟು ಟೀಚರ್ಸ್, ಈಸ್ ವೇಟಿಂಗ್.’ ಕಾಯುತ್ತಿರುವವರು ಮೂರು ಜನ ಅನ್ನುವುದು ನಮಗೆ ಗೊತ್ತು. ಆದರೂ ವ್ಯಾಕರಣದ ಲೆಕ್ಕದಲ್ಲಿ ಒಬ್ಬರೇ. ‘ಅಂಡ್’ ಹಾಕಿದ್ದರೆ ಮಾತ್ರ ಬಹುವಚನ. ‘ಈಚ್’, ‘ಎವ್ರಿ’, ‘ಎವ್ರಿಒನ್’ ಕೂಡ ಒಂದೇ, ಹಿಂದೆ ಊರೇ ನಿಂತಿದ್ದರೂ.

ಇದರ ಜೊತೆಗೆ ಇನ್ನೊಂದು ಸಣ್ಣ ಗುಂಡಿ ಇದೆ. ಇದು ನಮ್ಮದೇ. ಕನ್ನಡದಲ್ಲಿ ವಸ್ತುಗಳಿಗೆ ‘ಗಳು’ ಹಾಕಿದರೂ ನಡೆಯುತ್ತದೆ, ಬಿಟ್ಟರೂ ನಡೆಯುತ್ತದೆ. ‘ಮೂರು ಪುಸ್ತಕ ತಂದೆ’ ಅಂದರೆ ಯಾರೂ ನಗುವುದಿಲ್ಲ. ಅದೇ ರೂಢಿಯಲ್ಲಿ ‘ಒನ್ ಆಫ್ ದ ರೀಸನ್’, ‘ಒನ್ ಆಫ್ ಮೈ ಫ್ರೆಂಡ್’ ಅಂತ ಬರೆಯುತ್ತೇವೆ. ‘ಒನ್ ಆಫ್’ ಬಂದರೆ ಆಮೇಲಿನ ಹೆಸರಿಗೆ ಎಸ್ ಇದೆಯಾ ಅಂತ ಕಣ್ಣು ಹೋಗಬೇಕು. ಎನ್‌ಡಿಎ ತರಹದ ಪತ್ರಿಕೆಗೆ ಇದು ಬಹಳ ಇಷ್ಟದ ಪ್ರಶ್ನೆ.

ಮುಂದಿನ ವಿಷಯದ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನನ್ನ ಪ್ರಕಾರ ಕನ್ನಡದ ಮಕ್ಕಳಿಗೆ ಇದು ಬೇರೆಯವರಿಗಿಂತ ಸುಲಭ ಆಗಬೇಕು. ಯಾರೂ ಆ ದಾರಿಯಲ್ಲಿ ಹೇಳಿಕೊಡುವುದಿಲ್ಲ, ಅಷ್ಟೇ. ಈ ವಾಕ್ಯ ನೋಡಿ: ‘ಬಿಲ್ಟ್ ಇನ್ 1367, ವಿಸಿಟರ್ಸ್ ಸ್ಟಿಲ್ ಅಡ್ಮೈರ್ ದ ಜಾಮಾ ಮಸೀದಿ ಇನ್ಸೈಡ್ ಕಲಬುರಗಿ ಫೋರ್ಟ್.’ ಓದಿದರೆ ಅರ್ಥ ಆಗುತ್ತದೆ. ಕೋಟೆಯ ಒಳಗಿನ ಮಸೀದಿ 1367ರದ್ದು, ಜನ ಈಗಲೂ ನೋಡಿ ಮೆಚ್ಚುತ್ತಾರೆ. ಆದರೆ ವಾಕ್ಯ ಹೇಳುತ್ತಿರುವುದು ಬೇರೆ. 1367ರಲ್ಲಿ ಕಟ್ಟಿದ್ದು ವಿಸಿಟರ್ಸ್ ಅನ್ನು! ಇಂಗ್ಲಿಷಿನಲ್ಲಿ ಹೀಗೆ ಕರ್ತೃ ಇಲ್ಲದ ಒಂದು ತುಂಡಿನಿಂದ ವಾಕ್ಯ ಶುರುವಾಗಿ ಕಾಮಾ ಬಿದ್ದರೆ, ಕಾಮಾ ದಾಟಿದ ತಕ್ಷಣ ಬರುವ ಹೆಸರೇ ಆ ತುಂಡಿನ ಯಜಮಾನ.

ನಮ್ಮಲ್ಲಿ ಇದು ಹೇಗಿದೆ ನೋಡಿ. ‘ನಾನು ಸ್ಟೇಷನ್ನಿಗೆ ಬಂದಾಗ ರೈಲು ಹೊರಟುಹೋಗಿತ್ತು.’ ಸರಿ ಇದೆ. ಬಂದದ್ದು ನಾನು, ಹೋದದ್ದು ರೈಲು, ಇಬ್ಬರೂ ಬೇರೆ. ಈಗ ‘ಸ್ಟೇಷನ್ನಿಗೆ ಬಂದು ರೈಲು ಹೊರಟುಹೋಗಿತ್ತು’ ಅನ್ನಿ. ಬಂದದ್ದೂ ರೈಲೇ ಆಗಿಬಿಟ್ಟಿತು. ‘ಬಂದಾಗ’ ಅಂದರೆ ಎರಡು ಕೆಲಸಕ್ಕೆ ಇಬ್ಬರು ಇರಬಹುದು. ‘ಬಂದು’ ಅಂದರೆ ಎರಡನ್ನೂ ಒಬ್ಬರೇ ಮಾಡಬೇಕು. ಇದನ್ನು ನಿಮಗೆ ಶಾಲೆಯಲ್ಲಿ ಯಾರೂ ಕಲಿಸಿಲ್ಲ, ಆದರೂ ಒಬ್ಬರೂ ತಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ‘ರೀಚಿಂಗ್ ದ ಸ್ಟೇಷನ್,’ ಅಂತ ಶುರುವಾದ ವಾಕ್ಯ ಇದೆಯಲ್ಲ, ಅದನ್ನು ‘ತಲುಪಿದಾಗ’ ಅಂತ ಓದಬೇಡಿ, ‘ತಲುಪಿ’ ಅಂತ ಓದಿ. ‘ರೀಚಿಂಗ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್’ ಅಂದರೆ ‘ಸ್ಟೇಷನ್ ತಲುಪಿ ರೈಲು ಹೊರಟುಹೋಗಿತ್ತು’. ಕನ್ನಡದಲ್ಲೇ ಎಡವಟ್ಟು ಗೊತ್ತಾಯಿತಲ್ಲ? ಹಾಗಿದ್ದರೆ ಉತ್ತರವೂ ಗೊತ್ತಾಯಿತು: ಕಾಮಾ ಆದಮೇಲೆ ‘ಐ’ ಬರಬೇಕು, ‘ಐ ಫೌಂಡ್ ದ್ಯಾಟ್ ದ ಟ್ರೇನ್ ಹ್ಯಾಡ್ ಲೆಫ್ಟ್’. ಎಂಥ ಉದ್ದದ ವಾಕ್ಯ ಕೊಟ್ಟರೂ ಈ ಒಂದು ಪರೀಕ್ಷೆ ಸಾಕು. ಇಂಗ್ಲಿಷಿನ ತಪ್ಪು ಹಿಡಿಯಲು ಇಂಗ್ಲಿಷ್ ಕಿವಿ ಬೇಡ, ಕನ್ನಡದ ಕಿವಿ ನಡೆಯುತ್ತದೆ ಅನ್ನುವ ಜಾಗ ಇದೊಂದು. ಕಿವಿಯನ್ನು ನಂಬಬೇಡಿ ಅಂದವನೇ ಹೀಗೆ ಹೇಳುತ್ತಿದ್ದೇನೆ, ನಗಬೇಡಿ.

ಹೀಗೆಯೇ ಇನ್ನೊಂದು. ‘ಓದುತ್ತಿರುವ ಹುಡುಗಿ’ ಮತ್ತು ‘ಹುಡುಗಿ ಓದುತ್ತಿದ್ದಾಳೆ’. ಮೊದಲನೆಯದು ಕೇಳಿದರೆ ‘ಹೂಂ, ಆ ಹುಡುಗಿ ಏನು ಮಾಡಿದಳು’ ಅಂತ ಮುಂದಿನ ಮಾತಿಗೆ ಕಾಯುತ್ತೀರಿ. ಎರಡನೆಯದು ಮುಗಿದ ಮಾತು. ‘ದ ಗರ್ಲ್ ರೀಡಿಂಗ್ ಇನ್ ದ ಲೈಬ್ರರಿ’ ಅನ್ನುವುದು ಓದುತ್ತಿರುವ ಹುಡುಗಿ, ಮುಗಿದಿಲ್ಲ. ‘ಈಸ್’ ಸೇರಿಸಿದರೆ ಮುಗಿಯಿತು. ಐಎನ್‌ಜಿ ಒಂದೇ ನಿಂತರೆ ಅದು ವಾಕ್ಯವನ್ನು ಹೊರುವ ಕ್ರಿಯಾಪದ ಅಲ್ಲ. ಎಸ್‌ಎಟಿಯಲ್ಲಿ ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಒಂದು ‘ಬಿಲ್ಡಿಂಗ್’, ಒಂದು ‘ಟು ಬಿಲ್ಡ್’, ಒಂದು ‘ಹ್ಯಾವಿಂಗ್ ಬಿಲ್ಟ್’, ಒಂದು ‘ಬಿಲ್ಟ್’ ಅಂತ ಇದ್ದರೆ ಅವರು ಕೇಳುತ್ತಿರುವುದು ಕಾಲದ ಬಗ್ಗೆ ಅಲ್ಲ, ಈ ವಾಕ್ಯ ಮುಗಿಯಿತಾ ಇಲ್ವಾ ಅನ್ನುವುದರ ಬಗ್ಗೆ.

ಮುಗಿದ ವಾಕ್ಯ ಯಾವುದು ಅಂತ ಗೊತ್ತಾದರೆ ವಿರಾಮ ಚಿಹ್ನೆಯ ಅರ್ಧ ಕಷ್ಟ ಕಳೆಯಿತು. ಕನ್ನಡದಲ್ಲಿ ನಾವು ಕಾಮಾ ಹಾಕಿ ಒಂದರ ಹಿಂದೆ ಒಂದು ವಾಕ್ಯ ಪೋಣಿಸುತ್ತೇವೆ, ನಾನೂ ಈ ಬರಹದಲ್ಲಿ ಅದನ್ನೇ ಮಾಡುತ್ತಿದ್ದೇನೆ, ಯಾರೂ ಕೇಳುವುದಿಲ್ಲ. ಈ ಪರೀಕ್ಷೆಗಳಲ್ಲಿ ಅದು ನಡೆಯುವುದಿಲ್ಲ. ಎರಡು ಮುಗಿದ ವಾಕ್ಯಗಳ ನಡುವೆ ಬರೀ ಕಾಮಾ ಇದ್ದರೆ ತಪ್ಪು. ಫುಲ್‌ಸ್ಟಾಪ್ ಬೇಕು, ಇಲ್ಲವೇ ಸೆಮಿಕೋಲನ್, ಇಲ್ಲವೇ ಕಾಮಾ ಜೊತೆ ‘ಅಂಡ್’, ‘ಬಟ್’, ‘ಸೋ’ ಇಂಥದ್ದೊಂದು ಕೊಂಡಿ. ‘ಹೌಎವರ್’, ‘ದೇರ್‌ಫೋರ್’ ನೋಡಲು ಕೊಂಡಿಯ ಹಾಗೆ ಕಾಣುತ್ತವೆ, ಆದರೆ ಅಲ್ಲ. ಅವುಗಳಿಗಿಂತ ಮೊದಲು ಬರೀ ಕಾಮಾ ಹಾಕಿ ಎರಡು ವಾಕ್ಯ ಸೇರಿಸುವ ಹಾಗಿಲ್ಲ. ಕೋಲನ್ ಬಂದರೆ ಅದಕ್ಕಿಂತ ಮೊದಲಿನ ಮಾತು ಮುಗಿದ ವಾಕ್ಯವೇ ಆಗಿರಬೇಕು. ಒಂದು ಮಜಾ ಏನಂದರೆ, ನಾಲ್ಕು ಆಯ್ಕೆಗಳಲ್ಲಿ ಎರಡು ಎಲ್ಲ ರೀತಿಯಲ್ಲೂ ಒಂದೇ ಆಗಿದ್ದು, ಒಂದರಲ್ಲಿ ಫುಲ್‌ಸ್ಟಾಪ್ ಇನ್ನೊಂದರಲ್ಲಿ ಸೆಮಿಕೋಲನ್ ಇದ್ದರೆ ಎರಡನ್ನೂ ಹೊಡೆದುಹಾಕಿ. ಎರಡೂ ಮಾಡುವ ಕೆಲಸ ಒಂದೇ, ಸರಿ ಉತ್ತರ ಎರಡು ಇರಲು ಸಾಧ್ಯವಿಲ್ಲ.

ಬೀದರಿನಿಂದ ಬಂದವರು ಇದ್ದೀರಾ? ನಿಮ್ಮೂರಿನ ಚಳಿ ನಮ್ಮದಕ್ಕಿಂತ ಜಾಸ್ತಿ. ‘ಬೀದರಿನ ಚಳಿ ಕಲಬುರಗಿಗಿಂತ ಜಾಸ್ತಿ’ ಅಂದರೆ ಕನ್ನಡದಲ್ಲಿ ಸಲೀಸಾಗಿ ನಡೆಯುತ್ತದೆ. ‘ದ ವಿಂಟರ್ ಆಫ್ ಬೀದರ್ ಈಸ್ ಕೋಲ್ಡರ್ ದ್ಯಾನ್ ಕಲಬುರಗಿ’ ಅಂದರೆ ಪರೀಕ್ಷೆಯವರು ಒಪ್ಪುವುದಿಲ್ಲ. ಚಳಿಗಾಲವನ್ನು ಊರಿನ ಜೊತೆ ಹೋಲಿಸಿದ ಹಾಗಾಯಿತು. ‘ದ್ಯಾನ್ ದ್ಯಾಟ್ ಆಫ್ ಕಲಬುರಗಿ’ ಆಗಬೇಕು. ‘ದ್ಯಾನ್’, ‘ಲೈಕ್’, ‘ಅನ್‌ಲೈಕ್’, ‘ಕಂಪೇರ್ಡ್ ಟು’ ಕಂಡ ಕೂಡಲೇ ಆ ಕಡೆ ಏನಿದೆ ಈ ಕಡೆ ಏನಿದೆ ಅಂತ ನೋಡಿ. ಚಳಿಗೆ ಚಳಿ, ಊರಿಗೆ ಊರು.

ಗೌರವದಿಂದಲೂ ನಾವು ಅಂಕ ಕಳೆದುಕೊಳ್ಳುತ್ತೇವೆ. ‘ಬ್ಯಾಂಕಿನವರು ರೂಲ್ ಬದಲಾಯಿಸಿದ್ದಾರೆ’ ಅನ್ನುವುದು ನಮ್ಮ ಮಾತು. ಬ್ಯಾಂಕು, ಕಾಲೇಜು, ಸರ್ಕಾರ, ಎಲ್ಲವೂ ನಮಗೆ ‘ಅವರು’. ಅದಕ್ಕೇ ‘ದ ಬ್ಯಾಂಕ್ ಹ್ಯಾಸ್ ಚೇಂಜ್ಡ್ ದೇರ್ ರೂಲ್ಸ್’ ಕಿವಿಗೆ ಏನೂ ಅನ್ನಿಸುವುದಿಲ್ಲ. ಪರೀಕ್ಷೆಗೆ ಬೇಕಾದದ್ದು ‘ಇಟ್ಸ್ ರೂಲ್ಸ್’. ಅದೂ ಅಪಾಸ್ಟ್ರಫಿ ಇಲ್ಲದ ‘ಇಟ್ಸ್’. ಅಪಾಸ್ಟ್ರಫಿ ಇದ್ದರೆ ‘ಇಟ್ ಈಸ್’ ಅಂತ ಬಿಡಿಸಿ ಓದಿ, ಹೊಂದದಿದ್ದರೆ ಬಿಡಿ.

ಇನ್ನು ಕನ್ನಡದಿಂದ ಹಾಗೇ ಎತ್ತಿ ತಂದ ತಪ್ಪುಗಳು. ಇವುಗಳ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ‘ಹತ್ತು ವರ್ಷದಿಂದ ಇಲ್ಲೇ ಇದ್ದೇನೆ’ ಅನ್ನುವುದರ ಮೇಲೆ ಕಟ್ಟಿದ ‘ಐ ಆ್ಯಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ನಿಮಗೆಲ್ಲ ಗೊತ್ತಿರುವುದೇ. ‘ಹ್ಯಾವ್ ಬೀನ್ ಲಿವಿಂಗ್’ ಬೇಕು, ಕಾಲದ ಅಳತೆ ಹೇಳುವಾಗ ‘ಫಾರ್’ ಬೇಕು, ಶುರುವಾದ ದಿನವನ್ನೋ ವರ್ಷವನ್ನೋ ಹೇಳುವಾಗ ಮಾತ್ರ ‘ಸಿನ್ಸ್’. ‘ಬಗ್ಗೆ ಚರ್ಚೆ’ ಮಾಡುವ ನಾವು ‘ಡಿಸ್ಕಸ್ ಅಬೌಟ್’ ಮಾಡುತ್ತೇವೆ, ಅಬೌಟ್ ಬೇಡ. ‘ಆಲ್‌ದೋ’ ಬಂದ ವಾಕ್ಯದಲ್ಲಿ ಮತ್ತೆ ‘ಬಟ್’ ಬೇಡ. ‘ರಿಟರ್ನ್ ಬ್ಯಾಕ್’ ಅಂದರೆ ವಾಪಸ್ಸು ವಾಪಸ್ಸು ಬಂದ ಹಾಗೆ. ಇವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಎನ್‌ಡಿಎಗೂ ಆಯಿತು, ಮುಂದೆ ಬ್ಯಾಂಕ್ ಪರೀಕ್ಷೆಗೂ ಆಯಿತು.

ಈಗ ಆಯ್ಕೆಗಳನ್ನು ಓದುವ ರೀತಿ. ಹೆಚ್ಚಿನವರು ವಾಕ್ಯ ಓದುತ್ತಾರೆ, ಮೊದಲ ಆಯ್ಕೆ ಹಾಕಿ ಇಡೀ ವಾಕ್ಯ ಮತ್ತೆ ಓದುತ್ತಾರೆ, ಎರಡನೆಯದು ಹಾಕಿ ಮತ್ತೆ ಓದುತ್ತಾರೆ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಎಲ್ಲವೂ ಸರಿ ಅನ್ನಿಸಲು ಶುರುವಾಗುತ್ತದೆ. ಒಂದೇ ಮಾತನ್ನು ನಾಲ್ಕು ಸಲ ಕೇಳಿದರೆ ಕಿವಿ ಒಪ್ಪಿಕೊಂಡುಬಿಡುತ್ತದೆ. ಅದರ ಬದಲು ಆಯ್ಕೆಗಳನ್ನು ಮೇಲಿನಿಂದ ಕೆಳಗೆ ನೋಡಿ. ಅಡ್ಡ ಓದಬೇಡಿ. ಎಲ್ಲಿ ಬೇರೆ ಆಗುತ್ತವೆ? ಎರಡರಲ್ಲಿ ‘ಹ್ಯಾಸ್’ ಎರಡರಲ್ಲಿ ‘ಹ್ಯಾವ್’ ಇದ್ದರೆ ಪ್ರಶ್ನೆ ಕರ್ತೃವಿನದ್ದು, ಹೋಗಿ ಕರ್ತೃ ಹುಡುಕಿ, ಎರಡು ಒಟ್ಟಿಗೆ ಹೋಗುತ್ತವೆ. ಉಳಿದ ಎರಡರಲ್ಲಿ ಏನು ಬೇರೆ? ಒಂದರಲ್ಲಿ ‘ಇಟ್ಸ್’ ಒಂದರಲ್ಲಿ ‘ದೇರ್’. ಮುಗಿಯಿತು. ಪ್ರಶ್ನೆ ಏನನ್ನು ಕೇಳುತ್ತಿದೆ ಅನ್ನುವುದನ್ನು ಆಯ್ಕೆಗಳೇ ಹೇಳಿಕೊಡುತ್ತವೆ. ಕೊನೆಗೆ ಉಳಿದದ್ದನ್ನು ಮಾತ್ರ ವಾಕ್ಯದೊಳಗೆ ಇಟ್ಟು ಪೂರ್ತಿ ಓದಿ, ಹೇಳಬೇಕಾದ ಅರ್ಥವೇ ಬಂತಾ ನೋಡಿ.

ಕೋಚಿಂಗಿನಲ್ಲಿ ಕೊಡುವ ಶಾರ್ಟ್‌ಕಟ್‌ಗಳ ಬಗ್ಗೆ ಕೇಳಿದ್ದಿರಿ. ‘ಬೀಯಿಂಗ್’ ಇದ್ದರೆ ತಪ್ಪು, ಚಿಕ್ಕ ಆಯ್ಕೆಯೇ ಸರಿ, ಪ್ಯಾಸಿವ್ ಬಂದರೆ ಬಿಟ್ಟುಬಿಡಿ. ಇವು ಹುಟ್ಟಿದ್ದಕ್ಕೆ ಕಾರಣ ಇದೆ, ಹಳೇ ಜಿಮ್ಯಾಟ್‌ನಲ್ಲಿ ತಪ್ಪು ಆಯ್ಕೆಗಳಲ್ಲಿ ‘ಬೀಯಿಂಗ್’ ತುಂಬಾ ಸಲ ಕಾಣಿಸಿಕೊಳ್ಳುತ್ತಿತ್ತು. ಆದರೆ ‘ಬೀಯಿಂಗ್’ ತಪ್ಪು ಪದ ಅಲ್ಲ, ಪ್ಯಾಸಿವ್ ತಪ್ಪು ರಚನೆ ಅಲ್ಲ, ಇಂಥ ಟ್ರಿಕ್ ಚಾಲ್ತಿಯಲ್ಲಿದೆ ಅಂತ ಪ್ರಶ್ನೆ ಬರೆಯುವವರಿಗೂ ಗೊತ್ತಿರುತ್ತದೆ. ಬೇರೆ ಎಲ್ಲ ರೀತಿಯಲ್ಲೂ ಸಮ ಇರುವ ಎರಡು ಆಯ್ಕೆ ಉಳಿದಾಗ ಚಿಕ್ಕದನ್ನು ಆರಿಸಿ, ಅಷ್ಟಕ್ಕೆ ನನ್ನ ಒಪ್ಪಿಗೆ ಇದೆ.

ಕೇಳಿದ ಪ್ರಶ್ನೆಗಳಲ್ಲಿ ಕೆಲವು. ‘ಸರ್, ತಪ್ಪೇ ಇಲ್ಲ ಅನ್ನೋ ಆಯ್ಕೆ ಒತ್ತಲಿಕ್ಕೆ ಅಂಜಿಕಿ ಆಗ್ತದರಿ.’ ಎಲ್ಲರಿಗೂ ಆಗುತ್ತದೆ. ತಪ್ಪು ಹುಡುಕು ಅಂತ ಕೂರಿಸಿ, ತಪ್ಪಿಲ್ಲ ಅನ್ನು ಅಂದರೆ ಹೇಗೆ? ಆದರೆ ಅದೂ ಉಳಿದವುಗಳಂತೆ ಒಂದು ಆಯ್ಕೆ. ಕರ್ತೃ ನೋಡಿದೆ, ಕಾಲ ನೋಡಿದೆ, ಸರ್ವನಾಮ ನೋಡಿದೆ, ಹೋಲಿಕೆ ನೋಡಿದೆ, ಏನೂ ಸಿಗಲಿಲ್ಲ, ಆದರೂ ಏನೋ ಒಂಥರಾ ಅನ್ನಿಸುತ್ತಿದೆ ಅಂದರೆ ಆ ‘ಒಂಥರಾ’ ಕಿವಿಯ ಮಾತು. ಕಾರಣ ಕೊಡಲಾಗದ ತಪ್ಪು ತಪ್ಪಲ್ಲ ಅಂದುಕೊಂಡು ಮುಂದೆ ಹೋಗಿ.

ಗೊತ್ತಿಲ್ಲದಿದ್ದರೆ ಊಹೆ ಮಾಡಬೇಕಾ ಬೇಡವಾ ಅಂತ ಯಾದಗಿರಿಯ ಹುಡುಗ ಕೇಳಿದ. ಅದು ಪರೀಕ್ಷೆಯ ಮೇಲೆ. ಎಸ್‌ಎಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ಒಂದನ್ನೂ ಖಾಲಿ ಬಿಡಬೇಡಿ. ಎನ್‌ಡಿಎಯಲ್ಲಿ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಹೋಗುತ್ತದೆ. ನಾಲ್ಕರಲ್ಲಿ ಎರಡನ್ನು ಕಾರಣ ಕೊಟ್ಟು ಹೊಡೆದುಹಾಕಲು ಸಾಧ್ಯವಾದರೆ ಉಳಿದ ಎರಡರಲ್ಲಿ ಒಂದನ್ನು ಒತ್ತುವುದು ಲಾಭವೇ. ಒಂದನ್ನೂ ಹೊಡೆದುಹಾಕಲು ಆಗದಿದ್ದರೆ ಬಿಡುವುದು ವಾಸಿ.

ಅಭ್ಯಾಸಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಎಸ್‌ಎಟಿಯವರ ಬ್ಲೂಬುಕ್ ಆ್ಯಪ್‌ನಲ್ಲಿ ಪೂರ್ತಿ ಪರೀಕ್ಷೆಗಳು ಉಚಿತ. ಎನ್‌ಡಿಎ ಹಳೇ ಪತ್ರಿಕೆಗಳು ಯುಪಿಎಸ್‌ಸಿ ವೆಬ್‌ಸೈಟಿನಲ್ಲೇ ಇವೆ. ಒಂದೇ ಒಂದು ಶರತ್ತು. ಉತ್ತರ ಗುರುತು ಮಾಡಿದ ಮೇಲೆ ಪಕ್ಕದಲ್ಲಿ ಕಾರಣ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ‘ಬಂದದ್ದು ಗುಂಪು’ ಅಂತ ಎರಡೇ ಪದ ಸಾಕು. ಸರಿ ಉತ್ತರ ಬಂದು ಕಾರಣ ಬರೆಯಲು ಆಗದಿದ್ದರೆ ಅದನ್ನು ತಪ್ಪಿನ ಪಟ್ಟಿಗೇ ಹಾಕಿ.

ಕೊನೆಗೆ ಬೋರ್ಡಿನ ಮೇಲೆ ಬಿಡಿಸಿದ್ದು ಇದು. ‘ಆಫ್ಟರ್ ಶಿಫ್ಟಿಂಗ್ ದೇರ್ ಕ್ಯಾಪಿಟಲ್ ಫ್ರಮ್ ಕಲಬುರಗಿ ಟು ಬೀದರ್,’ ಅಂತ ಶುರು, ಮುಂದೆ ಖಾಲಿ ಜಾಗ. ಮೊದಲ ಆಯ್ಕೆ ‘ನ್ಯೂ ಪ್ಯಾಲೇಸಸ್ ವರ್ ಬಿಲ್ಟ್ ಬೈ ದ ಬಹಮನಿ ರೂಲರ್ಸ್’. ಎರಡನೆಯದು ‘ದ ಬಹಮನಿ ರೂಲರ್ಸ್ ಬಿಲ್ಟ್ ನ್ಯೂ ಪ್ಯಾಲೇಸಸ್’. ಮೂರನೆಯದು ‘ದ ಬಹಮನಿ ರೂಲರ್ಸ್’ ಆದಮೇಲೆ ಒಂದು ಅಪಾಸ್ಟ್ರಫಿ ಇಟ್ಟು ‘ನ್ಯೂ ಪ್ಯಾಲೇಸಸ್ ವರ್ ಬಿಲ್ಟ್’. ನಾಲ್ಕನೆಯದು ‘ದ ಬಹಮನಿ ರೂಲರ್ಸ್ ಬಿಲ್ಡಿಂಗ್ ನ್ಯೂ ಪ್ಯಾಲೇಸಸ್’. ಮೊದಲನೆಯದನ್ನು ಎಲ್ಲರೂ ಹೊಡೆದುಹಾಕಿದರು, ರಾಜಧಾನಿ ಬದಲಾಯಿಸಿದ್ದು ಅರಮನೆಗಳಲ್ಲ. ನಾಲ್ಕನೆಯದು ‘ಓದುತ್ತಿರುವ ಹುಡುಗಿ’, ಮುಗಿದಿಲ್ಲ. ಎರಡನೆಯದೇ ಉತ್ತರ ಅಂತ ಹೇಳುವಷ್ಟರಲ್ಲಿ ಹಿಂದಿನ ಸಾಲಿನ ಹುಡುಗಿ ಎದ್ದಳು: ‘ಮೂರನೇದರಾಗೂ ಕಾಮಾ ಆದ ಮ್ಯಾಲೆ ಬಹಮನಿ ರೂಲರ್ಸೇ ಅದಾರಲ್ರಿ, ಅದ್ಯಾಕ ತಪ್ಪು?’ ಒಳ್ಳೆ ಪ್ರಶ್ನೆ ತಂಗಿ. ಆ ಅಪಾಸ್ಟ್ರಫಿ ಇದೆಯಲ್ಲ, ಅದು ‘ರೂಲರ್ಸ್’ ಅನ್ನು ‘ರೂಲರ್‌ಗಳ’ ಅಂತ ಮಾಡಿಬಿಟ್ಟಿತು. ‘ಹುಡುಗರ ಗುಂಪು’ ಅಂದಾಗ ಬಂದದ್ದು ಗುಂಪು. ಹಾಗೆ ‘ದೊರೆಗಳ ಅರಮನೆ’ ಅಂದಾಗ ಕರ್ತೃ ಅರಮನೆ, ದೊರೆಗಳಲ್ಲ. ಮೂರನೆಯದು ಮೊದಲನೆಯದರ ತಪ್ಪೇ, ಅಂಗಿ ಬದಲಾಯಿಸಿ ಬಂದಿದೆ.